ದಿಬ್ಬದ ಬಂಗಲೆಯ ಸಕ್ಕರೆ

ಶುಕ್ರವಾರ ಅಹ್ಮದಿಯ ಇಂಗ್ಲಿಷ್ ಬಂಗಲೆ ನೋಡಲು ಹೋಗೋಣ ಎಂದು ಅಪ್ಪ ಅಂದ ಕೂಡಲೇ ನನಗೆ ಅನುಮಾನ ಬಂತು. ಆ ಬಂಗಲೆಯ ಸುದ್ದಿಯನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳುತ್ತಲೇ ಇದ್ದೆ. ಕುವೈತಿನ ಎಣ್ಣೆ ಕಂಪನಿಯ ಮೊದಲಿನ ಕಾಲದ ಇಂಗ್ಲಿಷ್ ಸಾಹೇಬನೊಬ್ಬ ತನ್ನ ಊರಿನ ಮನೆಯ ಹಾಗೆಯೇ ಇರಲಿ ಎಂದು ದಿಬ್ಬದ ಮೇಲೆ ಕಟ್ಟಿಸಿಕೊಂಡ ಮನೆ ಅದು. ಸಾಹೇಬ ಹೋದ ಮೇಲೂ, ಯುದ್ಧದಲ್ಲಿ ಕೆಟ್ಟದ್ದನ್ನು ರಿಪೇರಿ ಮಾಡಿ, ಇದ್ದ ಹಾಗೇ ಇಟ್ಟಿದ್ದರು. ಚಳಿಗಾಲದಲ್ಲಿ ಕೆಲವು ಶುಕ್ರವಾರ, ಅಂದರೆ ವಾರದ ರಜೆಯ ದಿನ, ನೌಕರರ ಕುಟುಂಬಗಳಿಗೆ ಬಾಗಿಲು ತೆರೆಯುತ್ತಿದ್ದರು. ಅಪ್ಪ ಅಹ್ಮದಿಯ ವರ್ಕ್‌ಶಾಪಿನಲ್ಲಿ ಟೆಕ್ನಿಶಿಯನ್. ಪ್ರತಿ ಚಳಿಗಾಲವೂ "ಈ ಸಲ ಹೋಗೂನು" ಅನ್ನುವುದು, ಶುಕ್ರವಾರ ಬಂದರೆ ಮುಸುಕು ಹಾಕಿಕೊಂಡು ಮಲಗುವುದು ಅವನ ಪದ್ಧತಿ. ಅಂಥವನು ಈ ಸಲ ಪಾಸು ತಂದು ಟಿವಿಯ ಮೇಲೆ ಇಟ್ಟಿದ್ದ. ಅವ್ವ ಬುಧವಾರವೇ ನನ್ನ ಇಳಕಲ್ ಸೀರೆಗೆ ಇಸ್ತ್ರಿ ಹಾಕಿ ಬಾಗಿಲಿಗೆ ನೇತು ಹಾಕಿದ್ದಳು.

"ಇಂಗ್ಲಿಷರ ಮನಿ ನೋಡಾಕ ಇಳಕಲ್ ಸೀರಿ ಯಾಕಬೇ?" ಎಂದೆ.

"ಉಟ್ಕೊಂಡ್ರ ಏನ್ ಸವೀತೈತಿ?"

"ಯಾರ್‍ನ ಕರದೀರಿ?"

"ಯಾರ್‍ನೂ ಕರದಿಲ್ಲ. ಅವರೂ ಬರತಾರ, ನಾವೂ ಹೋಗತೇವಿ, ಅಷ್ಟ."

ಆ 'ಅಷ್ಟ' ಕೇಳಿದ ಮೇಲೆ ಕೇಳುವುದು ಏನೂ ಉಳಿಯಲಿಲ್ಲ. ಅಪ್ಪನ ಜೊತೆ ಕೆಲಸ ಮಾಡುವ ವಿಜಾಪುರ ಕಡೆಯವರೊಬ್ಬರ ಹೆಂಡತಿ, ನಾನು ಅಕ್ಕಾರ ಎಂದು ಕರೆಯುತ್ತಿದ್ದ ಹೆಂಗಸು, ಎರಡು ತಿಂಗಳಿಂದ ತನ್ನ ತಮ್ಮನ ಫೋಟೊ ಹಿಡಿದುಕೊಂಡು ನಮ್ಮ ಮನೆಗೆ ಓಡಾಡುತ್ತಿದ್ದಳು. ತಮ್ಮ ಇಂಗ್ಲೆಂಡಿನ ಉತ್ತರದ ಯಾವುದೋ ಊರಿನ ಕಾರ್ಖಾನೆಯಲ್ಲಿ ಎಂಜಿನಿಯರ್. ರಜೆಗೆ ಊರಿಗೆ ಹೋಗುವ ದಾರಿಯಲ್ಲಿ ಅಕ್ಕನ ಮನೆಯಲ್ಲಿ ಇಳಿದಿದ್ದ. ಅವರ ತಾಯಿ ಮೊದಲೇ ವಿಸಿಟ್ ವೀಸಾದ ಮೇಲೆ ಬಂದು ಮಗಳ ಮನೆಯಲ್ಲಿದ್ದರು. ಹುಡುಗ ಇಂಗ್ಲೆಂಡಿನವನು, ಹುಡುಗಿಯನ್ನು ಇಂಗ್ಲಿಷ್ ಬಂಗಲೆಯಲ್ಲೇ ನೋಡಲಿ ಅನ್ನುವ ಚಮತ್ಕಾರ ಹೊಳೆದದ್ದೂ ಅಕ್ಕಾರಿಗೇ.

ನನಗೆ ಆಗ ಇಪ್ಪತ್ತಾರು. ನಾವಿದ್ದ ಖೈತಾನಿನ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು ನನ್ನ ಕೆಲಸ. ಆ ಕೆಲಸ ನನಗೆ ಹಿಡಿಸಿತ್ತು ಅಂದರೆ ಕಡಿಮೆ. ಬಸ್ಸಿನಲ್ಲಿ ಕೂತಾಗಲೂ ಎದುರಿನವರ ಮುಖ ನೋಡುವ ಬದಲು ಮೊಳಕೈ ನೋಡುತ್ತಿದ್ದೆ. ಈ ನರ ಸುಲಭ, ಈ ಮುದುಕನದು ಸರಿದು ಹೋಗುತ್ತದೆ, ಈ ಹೆಂಗಸಿಗೆ ಚಿಕ್ಕ ಸೂಜಿ ಬೇಕು ಎಂದು ಮನಸ್ಸು ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು. ನಿಂತಲ್ಲಿ ನಿಲ್ಲಲಾಗದ ಸ್ವಭಾವ ನನ್ನದು. ಒಂದು ಕಡೆ ಕೂತು ಟಿವಿ ನೋಡುವುದಕ್ಕೂ ಆಗದು. ಆದರೆ ಸೂಜಿ ಕೈಯಲ್ಲಿದ್ದಾಗ ಮಾತ್ರ ಕೈ ಅಲುಗುತ್ತಿರಲಿಲ್ಲ.

ಅವಸರವೇನೆಂದರೆ, ಬರುವ ಬೇಸಿಗೆಗೆ ಅಪ್ಪನ ನೌಕರಿ ಖಲಾಸ್. ಅಪ್ಪನ ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಮುಗಿದರೆ ಅವನ ಮೇಲಿರುವ ಅವ್ವನ ಇಕಾಮಾವೂ ಮುಗಿಯುತ್ತದೆ, ಇಬ್ಬರೂ ಗದಗಿಗೆ ಹೊರಡಬೇಕು. ನನ್ನದು ಕ್ಲಿನಿಕ್ಕಿನವರು ಮಾಡಿಸಿಕೊಟ್ಟದ್ದು. ಆದರೆ ಮದುವೆಯಾಗದ ಮಗಳನ್ನು ಕುವೈತಿನಲ್ಲಿ ಒಬ್ಬಳನ್ನೇ ಬಿಟ್ಟು ಹೋಗುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ, ನನ್ನ ಬಾಯಲ್ಲೂ. ಮದುವೆಯಾದರೆ ಇಂಗ್ಲೆಂಡು, ಆಗದಿದ್ದರೆ ಗದಗು. ಅವ್ವ ಆಗಲೇ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗಳಿಗೆ ತುಂಬಲು ಶುರು ಮಾಡಿದ್ದಳು. ನಡುಮನೆಯಲ್ಲಿ ಸಾಲಾಗಿ ಆ ಪೆಟ್ಟಿಗೆಗಳು. ಅತ್ತಿಂದಿತ್ತ ಓಡಾಡುವ ನನ್ನ ಕಾಲಿಗೆ ದಿನಾ ಒಂದಲ್ಲ ಒಂದು ತಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಕಾರು ಹತ್ತಿದೆವು. ಅಪ್ಪ ಸ್ಟಿಯರಿಂಗ್ ಹಿಡಿದು ಸುಮ್ಮನಿದ್ದ. ಅವ್ವ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಕ್ಕೆ ತಿರುಗಿ ನನಗೆ ಪಾಠ ಹೇಳುತ್ತಿದ್ದಳು. ಜೋರಾಗಿ ನಡೆಯಬಾರದು, ಯಾರ ಕೈಯನ್ನೂ ದಿಟ್ಟಿಸಿ ನೋಡಬಾರದು, ರಕ್ತದ ಮಾತು ಎತ್ತಬಾರದು. ಕೊನೆಗೆ ದೊಡ್ಡ ಮಾತು ಬಂತು.

"ಅವರು ಸಕ್ಕರಿ ಗಿಕ್ಕರಿ ಕೊಡಾಕ ಬಂದ್ರ ಕೈ ಚಾಚಬ್ಯಾಡ. ನಿಮ್ಮಪ್ಪ ಹೂಂ ಅಂದಮ್ಯಾಲೆ ತಗೋ."

ನಮ್ಮ ಕಡೆ ಹೆಣ್ಣು ಗಂಡಿನ ಮಾತು ಮುಗಿದ ಗುರುತು ಸಕ್ಕರೆ. ಹುಡುಗನ ಕಡೆಯ ಹಿರಿಯ ಹೆಂಗಸು ಹುಡುಗಿಯ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದರೆ, ಹುಡುಗಿ ಅದನ್ನು ತಿಂದರೆ, ಆಯಿತು. ಆಮೇಲೆ ಆಡುವುದೆಲ್ಲ ಛತ್ರದ ಮಾತು, ಅಡುಗೆಯವರ ಮಾತು. ಸಕ್ಕರೆ ತಿಂದು ಮಾತು ತಿರುಗಿಸಿದವರ ಮನೆಯ ಹೆಸರನ್ನು ಊರಿನವರು ಮೂರು ತಲೆಮಾರು ನೆನಪಿಡುತ್ತಾರೆ.

"ಅಪ್ಪ ಹೂಂ ಅನ್ನೂದು ಆತು. ನಾ ಹೂಂ ಅನ್ನೂದು ಯಾವಾಗಬೇ?" ಎಂದೆ.

"ನೀ ಯಾಕನ್ನಬೇಕು?" ಅಂದಳು ಅವ್ವ. ಸಿಟ್ಟಿನಿಂದಲ್ಲ. ನಿಜಕ್ಕೂ ಅವಳಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ.

ನನಗೆ ಬೇಡ ಎಂದೇನೂ ಇರಲಿಲ್ಲ. ಇದನ್ನು ನಾನು ಆಮೇಲೆ ಎಷ್ಟು ಜನರಿಗೆ ಹೇಳಿದರೂ ಯಾರೂ ನಂಬಲಿಲ್ಲ. ಹುಡುಗ ಹೇಗಿದ್ದಾನೋ, ಆ ಊರು ಹೇಗಿದೆಯೋ, ಹೋದರೂ ಹೋದೆ ಎಂದೇ ಇದ್ದೆ. ಯಾರಾದರೂ ಒಬ್ಬರು ನನ್ನ ಮುಖ ನೋಡಿ "ಏನಂತಿ?" ಎಂದು ಕೇಳಲಿ ಅನ್ನಿಸಿತ್ತು, ಅಷ್ಟೇ. ಆ ಒಂದು ಮಾತಿಗಾಗಿ ವಾರವಿಡೀ ಮನೆಯಲ್ಲಿ ಶತಪಥ ಹಾಕಿದ್ದೆ.

ಅಹ್ಮದಿಗೆ ಬಂದರೆ ಕುವೈತ್ ಕುವೈತಿನ ಹಾಗಿರುವುದಿಲ್ಲ. ರಸ್ತೆಯ ಎರಡೂ ಬದಿಗೆ ಮರ, ಮನೆಗಳ ಮುಂದೆ ಬೇಲಿ, ಬೇಲಿಯೊಳಗೆ ಹುಲ್ಲು. ಬಂಗಲೆ ದಿಬ್ಬದ ತುದಿಯಲ್ಲಿತ್ತು. ಕೆಂಪು ಹೆಂಚು, ಬಿಳಿ ಕಿಟಕಿಗಳು, ಮಾಡಿನ ಮೇಲೆ ಹೊಗೆ ಹೋಗಲು ಇಟ್ಟಿಗೆಯ ಗೂಡು. ಮುಂದೆ ಗುಲಾಬಿ ಪಾತಿ. ಬೇಲಿಯ ಆಚೆಗೆ ನೋಡಿದರೆ ಬರೀ ಮರಳು, ದೂರದಲ್ಲಿ ಎಣ್ಣೆ ಟ್ಯಾಂಕುಗಳು. ಸಾಹೇಬ ಆ ಕಡೆಯ ಕಿಟಕಿಗಳನ್ನೆಲ್ಲ ಚಿಕ್ಕದಾಗಿ ಇಡಿಸಿದ್ದ. ನೋಡಲು ಇಷ್ಟವಿಲ್ಲದಿದ್ದರೆ ಯಾಕೆ ಬಂದಿದ್ದನೋ ಎಂದು ನನಗೆ ಆಗಲೇ ಅವನ ಮೇಲೆ ಸಿಡುಕು ಬಂತು. ಆ ದಿನ ಯಾರ ಮೇಲೆ ಸಿಡುಕು ಬರಲಿಲ್ಲ ಎಂದು ಕೇಳಿದರೆ ಹೇಳುವುದು ಸುಲಭ.

ಅವರು ಮೊದಲೇ ಬಂದು ಹುಲ್ಲಿನ ಮೇಲೆ ಚಾಪೆ ಹಾಸಿ ಕೂತಿದ್ದರು. "ಅಯ್ಯ, ನೀವೂ ಬಂದ್ರ್ಯಾ!" ಎಂದು ಅಕ್ಕಾರ ಆಶ್ಚರ್ಯದ ನಾಟಕ ಆಡಿದಳು. ಅವ್ವ ಅದಕ್ಕಿಂತ ಚೆನ್ನಾಗಿ ಆಡಿದಳು. ಹುಡುಗ ಎದ್ದು ನಿಂತು ನಮಸ್ಕಾರ ಮಾಡಿದ. ಎತ್ತರದ ಆಳು, ಅಂಗಿಯ ತೋಳು ಮಡಚಿದ್ದ. ಅವ್ವನ ಪಾಠ ಮರೆತು ಮೊಳಕೈ ನೋಡಿಬಿಟ್ಟೆ. ಎಂಥ ನರ! ಕಣ್ಣು ಮುಚ್ಚಿಕೊಂಡು ಸೂಜಿ ಹಾಕಬಹುದು. ಅವನು ನನ್ನ ನೋಟ ಕಂಡು ಮುಗುಳ್ನಕ್ಕ, ನಾಚಿಕೆ ಎಂದುಕೊಂಡಿರಬೇಕು.

ನೋಡಿದ ತಕ್ಷಣವೇ ಅವನ ತಾಯಿ ನನಗೆ ಇಷ್ಟವಾದರು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ಮೈಮೇಲೆ ಮಗನ ಇಂಗ್ಲೆಂಡಿನ ಕೋಟು. "ಬಾ ಯವ್ವಾ, ಇಲ್ಲಿ ಕುಂದ್ರು" ಎಂದು ಮಗ್ಗುಲಲ್ಲಿ ಜಾಗ ಮಾಡಿದರು. ಅವ್ವ ಗಂಟು ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು. ಎಲ್ಲರೂ ಕೈ ಹಾಕಿದರು, ಆ ತಾಯಿ ಮಾತ್ರ ಹಾಕಲಿಲ್ಲ.

"ನಂದು ಶುಕ್ರವಾರರೀ. ಈ ಮಾತು ಒಂದು ದಂಡಿಗೆ ಹತ್ತೂತನಕ ಬಾಯಾಗ ಏನೂ ಹಾಕಂಗಿಲ್ಲ ಅಂತ ದೇವಿಗೆ ಬೇಡ್ಕೊಂಡೇನಿ," ಅಂದರು.

"ಗುಳಿಗಿ ಅಷ್ಟ ತಗೊಂಡಾಳ. ಸಕ್ಕರಿ ಬ್ಯಾನಿ ಐತೆಲ್ಲ, ಅದನ್ನ ತಪ್ಪಸಾಂಗಿಲ್ಲ," ಎಂದು ಅಕ್ಕಾರ ತಾಯಿಯ ಶಿಸ್ತನ್ನು ಹೊಗಳಿದಳು.

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಈ ತಪ್ಪನ್ನು ನಮ್ಮ ಹೆಂಗಸರೇ ಮಾಡಬೇಕು. ಕ್ಲಿನಿಕ್ಕಿಗೆ ತಿಂಗಳಿಗೆ ಒಬ್ಬರಾದರೂ ಹೀಗೆ ಬರುತ್ತಿದ್ದರು. ಉಪವಾಸ ದೇವರಿಗೆ, ಗುಳಿಗೆ ಡಾಕ್ಟರಿಗೆ. ಇಬ್ಬರಿಗೂ ಬೇಸರವಾಗಬಾರದು ಎಂದು ಊಟ ಬಿಟ್ಟು ಗುಳಿಗೆ ನುಂಗುವುದು. "ಗುಳಿಗಿ ತಗೊಂಡು ಹಂಗ ಇರಬಾರದ್ರೀ ಅವ್ವಾರ. ಅರ್ಧ ರೊಟ್ಟಿಯಾದ್ರೂ ತಿನ್ರಿ," ಎಂದೆ. ಅವ್ವ ಚಾಪೆಯ ಮರೆಯಲ್ಲಿ ನನ್ನ ತೊಡೆ ಚಿವುಟಿದಳು. ಆ ತಾಯಿ ನನ್ನ ಗದ್ದ ಹಿಡಿದು "ನೋಡ್ರಿ, ಈಗಿಂದನ ನನ್ನ ಕಾಳಜಿ ಮಾಡಾಕತ್ತಾಳ" ಎಂದು ಎಲ್ಲರನ್ನೂ ನೋಡಿ ಹಿಗ್ಗಿದರು. ತಿನ್ನಲಿಲ್ಲ.

ಒಳಗೆ ಹೋಗುವಾಗ ಬಾಗಿಲಲ್ಲಿ ನಾವೆಲ್ಲ ಚಪ್ಪಲಿ ಬಿಟ್ಟೆವು. ಬಂಗಲೆ ನೋಡಿಕೊಳ್ಳುತ್ತಿದ್ದ ಕೇರಳದ ಹಿರಿಯರೊಬ್ಬರು, ಬೇಕಿಲ್ಲ, ಹಾಕಿಕೊಂಡೇ ಬನ್ನಿ ಎಂದು ಹಿಂದಿಯಲ್ಲಿ ಎರಡು ಸಲ ಹೇಳಿದರು. ಯಾರೂ ಕೇಳಲಿಲ್ಲ. ಹೊಳೆಯುವ ಮರದ ನೆಲದ ಮೇಲೆ ಬರಿಗಾಲಿನಲ್ಲಿ ಸಾಲಾಗಿ ನಡೆದೆವು. ಪ್ರತಿ ಕೋಣೆಗೂ ಅಡ್ಡ ದಪ್ಪ ಕೆಂಪು ಹಗ್ಗ. ಹಗ್ಗದ ಈಚೆ ನಾವು, ಆಚೆ ಸಾಹೇಬನ ಸಂಸಾರ. ಕುದುರೆಯ ಮೇಲೆ ಕೂತು ನರಿಯ ಬೆನ್ನು ಹತ್ತಿದವರ ಪಟಗಳು, ಪಿಯಾನೊ, ಮೇಡಂ ಕಸೂತಿ ಹಾಕುತ್ತಾ ಅರ್ಧಕ್ಕೆ ಬಿಟ್ಟ ಬಟ್ಟೆ, ಬೆಂಕಿ ಕಾಯಿಸಿಕೊಳ್ಳುವ ಕಲ್ಲಿನ ಗೂಡು. ಜೂನ್ ತಿಂಗಳ ಸುಡು ಬಿಸಿಲಲ್ಲಿ ಈ ಗೂಡನ್ನು ನೋಡಿಕೊಂಡು ಇವರು ಹೇಗೆ ಕೂತಿದ್ದರಪ್ಪಾ ಎಂದು ನಾನು ಬೆವರಿದೆ. ಗೋಡೆಯಲ್ಲಿ ಕೆಲಸದವರನ್ನು ಕರೆಯಲು ಗುಂಡಿಗಳಿದ್ದವು. ಕೆಲಸದವರ ಕೋಣೆಗಳು ಹಿಂದುಗಡೆ ಇವೆ, ಅವನ್ನು ತೋರಿಸುವುದಿಲ್ಲ ಎಂದರು ಆ ಹಿರಿಯರು.

ಅಪ್ಪ ಮಾತ್ರ ಬೆರಗಾಗಿ ನೋಡುತ್ತಿದ್ದ. ಕೆಲಸಕ್ಕೆ ಸೇರಿದಾಗಿನಿಂದ ಹೊರಗಿನಿಂದ ಮಾತ್ರ ನೋಡಿದ್ದ ಮನೆ. ಹಗ್ಗಕ್ಕೆ ಎದೆ ತಾಗಿಸಿ, ಒಳಗಿನ ಒಂದೊಂದು ಸಾಮಾನನ್ನೂ ಮೆಲ್ಲಗೆ ನೋಡುತ್ತಾ ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದ. ನಾನು ಎಲ್ಲರಿಗಿಂತ ಮುಂದೆ. ನಾನು ಓಡುವುದು, ಅವ್ವ ಕಣ್ಣು ಬಿಡುವುದು, ನಾನು ಮತ್ತೆ ಹಿಂದಕ್ಕೆ ಬರುವುದು, ಹೀಗೆ ಮೂರು ಕೋಣೆ ಕಳೆದವು.

ಊಟದ ಕೋಣೆಯಲ್ಲಿ ಮೇಜು ಇನ್ನೇನು ಜನ ಬಂದು ಕೂರುತ್ತಾರೆ ಅನ್ನುವ ಹಾಗೆ ಸಿದ್ಧವಾಗಿತ್ತು. ತಟ್ಟೆ, ಮುಳ್ಳುಚಮಚ, ಮಡಚಿದ ಕರವಸ್ತ್ರ, ನಡುವೆ ಬೆಳ್ಳಿಯ ಬಟ್ಟಲಲ್ಲಿ ಸಕ್ಕರೆಯ ಚೌಕ ತುಣುಕುಗಳು. ಎಲ್ಲವೂ ಸಾಹೇಬನ ಕಾಲದವು, ಸಕ್ಕರೆಯೊಂದು ಬೇರೆ, ಇರುವೆ ಹತ್ತುವುದರಿಂದ ಪ್ರತಿ ಸಲ ಹೊಸದು ಹಾಕುತ್ತೇನೆ ಎಂದು ಆ ಹಿರಿಯರು ನಕ್ಕರು. ಮುಟ್ಟಬೇಡಿ ಎಂದು ಸೇರಿಸಿದರು.

"ಇದು ಸಣ್ಣದು ಬಿಡ್ರಿ," ಅಂದ ಹುಡುಗ. "ನಮ್ಮಲ್ಲೆ ಇದರ ಹತ್ತು ಪಾಲು ದೊಡ್ಡ ಮನಿ ಅದಾವು. ಕೆರಿ, ಕಾಡು ಎಲ್ಲಾ ಮನಿಯವರದ."

ನಮ್ಮಲ್ಲೆ ಅಂದರೆ ವಿಜಾಪುರದಲ್ಲೋ ಎಂದು ಕೇಳುವ ಚಪಲವಾಯಿತು, ನುಂಗಿಕೊಂಡೆ. ಅಕ್ಕಾರ ನಮ್ಮಿಬ್ಬರನ್ನು ನೋಡಿ, "ವರಾಂಡ ನೋಡಿ ಬರ್ರಿ, ಛಲೋ ಗಾಳಿ ಐತಿ," ಎಂದು ಹೊರಗೆ ದಬ್ಬಿದಳು.

ವರಾಂಡದಲ್ಲಿ ಬೆತ್ತದ ಕುರ್ಚಿಗಳಿದ್ದವು, ಅವಕ್ಕೂ ಹಗ್ಗ. ನಿಂತೇ ಮಾತಾಡಬೇಕಾಯಿತು.

"ನಿಮಗ ಏನರೆ ಕೇಳೂದು ಇದ್ರ ಕೇಳ್ರಿ," ಅಂದ. ಅವನು ಕೆಟ್ಟವನಲ್ಲ. ಹಾಗೆ ಕೇಳಿದ ಮೊದಲ ಮನುಷ್ಯ ಅವನೇ.

"ನಾ ಅಲ್ಲಿ ಬಂದ್ರ ಲ್ಯಾಬಿನ್ಯಾಗ ಕೆಲಸ ಮಾಡಬಹುದೇನ್ರಿ?"

ಅವನು ನಿಜವಾಗಿಯೂ ಯೋಚಿಸಿದ. "ಇಲ್ಲಿ ಕಲ್ತಿದ್ದು ಅಲ್ಲಿ ನಡ್ಯಾಂಗಿಲ್ರಿ. ಮತ್ತ ಓದಬೇಕು, ಮತ್ತ ಪರೀಕ್ಷಾ ಬರೀಬೇಕು. ಅಷ್ಟ್ಯಾಕ ತ್ರಾಸ ತಗೋತೀರಿ? ಆರಾಮ ಮನ್ಯಾಗ ಇರ್ರಿ. ರವಿವಾರಕ್ಕೊಮ್ಮೆ ಇಂಥಾ ಮನಿ ನೋಡಾಕ ಹೋಗೂನು. ನೋಡಿ ಮುಗ್ಯಾಂಗಿಲ್ಲ, ಅಷ್ಟ್ ಅದಾವು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನಗೆ ಕಂಡದ್ದು ಮಾತ್ರ ಹಗ್ಗ. ಒಂದು ರವಿವಾರ ಒಂದು ಹಗ್ಗ, ಮುಂದಿನ ರವಿವಾರ ಇನ್ನೊಂದು ಹಗ್ಗ, ಈಚೆ ನಿಂತು ಇನ್ನೊಬ್ಬರ ಊಟದ ಮೇಜು ನೋಡುತ್ತಿರುವ ನಾನು. ಉಳಿದ ದಿನ ಆರಾಮ. ಆ 'ಆರಾಮ' ಕೇಳಿಯೇ ನನ್ನ ಕಾಲು ಜುಮ್ ಅಂದವು. ಬೇಡ ಅನ್ನುವುದು ಅಲ್ಲೇ, ಗುಲಾಬಿ ಪಾತಿಯ ಎದುರಿಗೆ, ನನ್ನೊಳಗೆ ತೀರ್ಮಾನವಾಗಿ ಹೋಯಿತು. ಅವನಿಗೇ ಮೊದಲು ಹೇಳಿಬಿಡೋಣ, ಅದು ಮರ್ಯಾದೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಅಕ್ಕಾರಳ ಕೂಗು ಕೇಳಿಸಿತು.

ಓಡಿದೆವು. ಊಟದ ಕೋಣೆಯ ಬಾಗಿಲಲ್ಲಿ ಅವನ ತಾಯಿ ಗೋಡೆಗೆ ಒರಗಿ ಕುಸಿದು ಕೂತಿದ್ದರು. ಅಕ್ಕಾರ "ದೃಷ್ಟಿ ಆತು, ಯಾರದೋ ದೃಷ್ಟಿ ಆತು" ಎಂದು ಬಡಬಡಿಸುತ್ತಿದ್ದಳು. ಅವ್ವ ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಹುಡುಗ "ಸರೀರಿ, ಗಾಳಿ ಬಿಡ್ರಿ, ಆ್ಯಂಬುಲೆನ್ಸ್ ನಂಬರ್ ಯಾವುದ್ರಿ?" ಎಂದು ಅಪ್ಪನನ್ನು ಕೇಳಿದ. ಅಪ್ಪ ಹೊರಗೆ ಓಡಿದ.

ನಾನು ಅವರ ಕೈ ಹಿಡಿದೆ. ಡಿಸೆಂಬರಿನ ಚಳಿ, ಅವರ ಕೈ ಬೆವರಿನಲ್ಲಿ ತೊಯ್ದು ತಣ್ಣಗಿತ್ತು. ಬೆರಳು ನಡುಗುತ್ತಿದ್ದವು. ಏನಾಗತೈತ್ರಿ ಎಂದು ಕೇಳಿದರೆ ನಾಲಿಗೆ ಹೊರಳಲಿಲ್ಲ, "ಬಸ್ ಬಂತೇನು, ಬಸ್ ಬಂತೇನು" ಎಂದು ತೊದಲಿದರು. ಇದಕ್ಕೆ ಪರೀಕ್ಷೆ ಬೇಕಿರಲಿಲ್ಲ. ಗುಳಿಗೆ ತನ್ನ ಕೆಲಸ ಮಾಡಿತ್ತು, ಹೊಟ್ಟೆಯಲ್ಲಿ ಅನ್ನವಿರಲಿಲ್ಲ, ರಕ್ತದಲ್ಲಿನ ಸಕ್ಕರೆ ತಳ ಕಂಡಿತ್ತು.

ಹಗ್ಗ ಎತ್ತಿ ಒಳಗೆ ನುಗ್ಗಿದೆ. ಸೀರೆ ಕಾಲಿಗೆ ಸಿಕ್ಕಿತು, ಎತ್ತಿ ಕಟ್ಟಿದೆ. ಆ ಹಿರಿಯರು ಹಿಂದಿನಿಂದ "ಮುಟ್ಟಬೇಡಿ, ಮುಟ್ಟಬೇಡಿ" ಎಂದು ಕೂಗುತ್ತಿದ್ದರು. ಸಾಹೇಬನ ಬಟ್ಟಲಿಂದ ಸಕ್ಕರೆ ಹಿಡಿಯಷ್ಟು ಬಾಚಿಕೊಂಡು ಬಂದು ನೆಲದ ಮೇಲೆ ಕೂತೆ. ಅವ್ವನ ನೀರಿನ ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿ ತುಣುಕು ನೆನೆಸಿ, ಅವರ ಗದ್ದ ಹಿಡಿದು, ಸ್ವಲ್ಪ ಸ್ವಲ್ಪವಾಗಿ ತುಟಿಗೆ ಹಚ್ಚಿದೆ. "ನುಂಗ್ರಿ ಅವ್ವಾರ, ನುಂಗ್ರಿ. ಹಾಂ, ಇನ್ನೊಂದ್ ಚೂರು." ಬೆಳಿಗ್ಗೆಯಿಂದ ಒಂದು ಕಡೆ ನಿಲ್ಲದಿದ್ದ ನನ್ನ ಕೈ ಆಗ ಅಲುಗಲಿಲ್ಲ. ಆ ದಿನ ನನಗೆ ನೆಮ್ಮದಿ ಅನ್ನಿಸಿದ್ದು ಅಷ್ಟು ಹೊತ್ತು ಮಾತ್ರ.

ಸ್ವಲ್ಪ ಹೊತ್ತಿಗೆ ಕಣ್ಣಿಗೆ ಬೆಳಕು ಬಂತು. ನನ್ನನ್ನು ಗುರುತು ಹಿಡಿದರು. ಕೈ ಹಿಡಿದುಕೊಂಡರು. ಅಪ್ಪ ಹೊರಗಿನ ಯಂತ್ರದಿಂದ ಹಣ್ಣಿನ ರಸದ ಡಬ್ಬಿ ತಂದ, ಅದನ್ನೂ ಕುಡಿಸಿದೆ. ಆ್ಯಂಬುಲೆನ್ಸ್ ಬೇಕಾಗಲಿಲ್ಲ. ಎಲ್ಲರೂ ಉಸಿರು ಬಿಟ್ಟರು. ನಾನು ಎದ್ದು ಬೆರಳಿಗೆ ಹತ್ತಿದ ಸಕ್ಕರೆ ಒರೆಸಿಕೊಳ್ಳುತ್ತಿದ್ದೆ. ಆಗ ಅಕ್ಕಾರ ಅವ್ವನ ಭುಜ ಹಿಡಿದಳು.

"ನೋಡಿದ್ರ್ಯಾ? ಸಕ್ಕರಿ! ನಾವು ಕೊಡಬೇಕಂದ್ರ ಆಕಿನ ಕೊಟ್ಟಳು. ಅತ್ತಿ ಬಾಯಿಗೆ ಸೊಸಿ ಸಕ್ಕರಿ ಹಾಕಿದಳು!"

ಅವ್ವನ ಕಣ್ಣು ತುಂಬಿದವು. ಕೈ ಜೋಡಿಸಿದಳು, ಯಾವ ದೇವರಿಗೋ. ಹುಡುಗ ನೆಲ ನೋಡಿ ನಕ್ಕ. ಅಕ್ಕಾರ ಚೀಲದಿಂದ ಧಾರವಾಡ ಪೇಡೆಯ ಪೊಟ್ಟಣ ತೆಗೆದಳು. ಗೋಡೆಗೆ ಒರಗಿದ್ದ ಆ ತಾಯಿ ಮತ್ತೆ ನನ್ನ ಕೈ ಹಿಡಿದು ಹೇಳಿದರು: "ಉಪಾಸ ಬಿಟ್ಟದ್ದು ನನ್ನ ಸೊಸಿ ಕೈಲೆ. ದೇವಿನ ಮಾಡಿಸಿದಳು."

ಇದಕ್ಕೆ ಏನು ಹೇಳುವುದು? ಈಗಷ್ಟೇ ಎಚ್ಚರ ಬಂದ ಹೆಂಗಸು, ಹಣೆಯ ಮೇಲೆ ಇನ್ನೂ ಬೆವರಿದೆ, ಮುಖದ ತುಂಬ ಸಂತೋಷ. ನನ್ನ ಕೈ ಹಿಡಿದೇ ಇದ್ದ ಅವರನ್ನೂ ಎಬ್ಬಿಸಿ, ಎಲ್ಲರನ್ನೂ ಬೆಂಕಿಗೂಡಿನ ಕೋಣೆಯ ಹಗ್ಗದ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಹುಡುಗನನ್ನು ನನ್ನ ಪಕ್ಕಕ್ಕೆ ತಳ್ಳಿದರು. "ಯಲ್ಲಾ, ನಗ್ರಿ," ಅಂದಳು ಅಕ್ಕಾರ. ಅವ್ವ ಅವಳ ಜೊತೆ ಮೇ ತಿಂಗಳಲ್ಲಿ ಛತ್ರ ಸಿಗುತ್ತದೋ ಇಲ್ಲವೋ ಎಂದು ಮಾತು ಶುರು ಮಾಡಿದ್ದಳು. ಅಪ್ಪ ಹೂಂ ಅಂದಿರಲಿಲ್ಲ, ಈಗ ಅದರ ಅಗತ್ಯವೂ ಯಾರಿಗೂ ಕಾಣಲಿಲ್ಲ. ನನ್ನ ಕಾಲು ಕುದಿಯುತ್ತಿದ್ದವು. ಈಗ ಹೇಳದಿದ್ದರೆ ಕಾರಿನಲ್ಲಿ ಹೇಳಲಾಗದು, ಮನೆಯಲ್ಲಿ ಹೇಳಲಾಗದು, ನಾಳೆ ವಿಜಾಪುರಕ್ಕೆ ಫೋನ್ ಹೋಗುತ್ತದೆ. ಅಕ್ಕಾರ ಪೇಡೆ ಹಿಡಿದು ನನ್ನ ಬಾಯಿಯ ಹತ್ತಿರ ಬಂದಳು.

ಮುಖ ತಿರುಗಿಸಿದೆ. "ಅದು ಔಷಧರೀ," ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಯಾರಿಗೆ ಹಂಗಾಗಿದ್ರೂ ಕೊಡತಿದ್ದೆ. ನಾ ಇನ್ನಾ ಏನೂ ಹೇಳಿಲ್ಲ. ನನ್ನ ಯಾರೂ ಕೇಳೂ ಇಲ್ಲ." ಕೇಳಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಹುಡುಗನ ಕಡೆ ತಿರುಗಿ ಹೇಳಿದೆ. "ನನಗ ಆಗೂದಿಲ್ರಿ. ಆರಾಮ ಇರೂದು ನನಗ ಬರೂದಿಲ್ಲ."

ಹುಡುಗ ಕೆಂಪಾದ. ಅಕ್ಕಾರಳ ಕೈಯಲ್ಲಿ ಪೇಡೆ ಹಾಗೇ ಇತ್ತು. ಅವ್ವನನ್ನು ನೋಡುವ ಧೈರ್ಯ ನನಗಾಗಲಿಲ್ಲ. ಆ ತಾಯಿಯನ್ನು ನೋಡಿದೆ. ಅವರು ಮೆಲ್ಲಗೆ ನನ್ನ ಕೈ ಬಿಟ್ಟರು. ಸಿಟ್ಟಾದರೆ ತಡೆದುಕೊಳ್ಳುತ್ತಿದ್ದೆ. ಅವರು ದಿಕ್ಕು ತಪ್ಪಿದವರ ಹಾಗೆ ನನ್ನನ್ನೇ ನೋಡಿದರು.

"ಹಂಗಾರ ಈ ಸಕ್ಕರಿ ಏನ್ ಮಾಡ್ಲೆ ಯವ್ವಾ?" ಅಂದರು. "ನುಂಗಿಬಿಟ್ಟೆನಲ್ಲ."

ನನಗೆ ಅಳು ಬಂತು. ಅವರ ಕಾಲು ಮುಟ್ಟಿ ಹೊರಗೆ ಬಂದೆ. ಚಪ್ಪಲಿ ಹುಡುಕುವಾಗ ಕಣ್ಣಿಗೆ ಯಾರದು ಯಾವುದು ಎಂದು ಕಾಣಲಿಲ್ಲ, ಅವ್ವನದನ್ನು ಹಾಕಿಕೊಂಡು ಕಾರಿನವರೆಗೆ ನಡೆದೆ.

ಹಿಂದಿರುಗುವಾಗ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಉಳಿದ ರೊಟ್ಟಿಯ ಗಂಟು ಕಾಲ ಕೆಳಗಿತ್ತು. ಅಹ್ಮದಿಯ ಮರಗಳು ಮುಗಿದು ಹೆದ್ದಾರಿ ಬಂತು. ಕೈಯಾರೆ ಸಕ್ಕರೆ ತಿನ್ನಿಸಿ ಇಲ್ಲ ಅಂದವಳು ಎಂದು ನನ್ನ ಹೆಸರು ಯಾವ ಯಾವ ಊರಿಗೆ ಹೋಗುತ್ತದೆ ಎಂದು ಅವಳು ಮನಸ್ಸಿನಲ್ಲೇ ಊರೂರು ಎಣಿಸುತ್ತಿದ್ದಳೆಂದು ನನಗೆ ಗೊತ್ತಿತ್ತು. ನಾನು ಹಿಂದಿನ ಸೀಟಿನಲ್ಲಿ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದೆ, ಬಿಚ್ಚುತ್ತಿದ್ದೆ. ಬೇಡ ಅಂದದ್ದಾಯಿತು, ಇನ್ನು ಗದಗು. ಬೇಸಿಗೆಗೆ ಅಪ್ಪನ ನೌಕರಿ ಮುಗಿಯುವವರೆಗೆ ಲ್ಯಾಬು, ಆಮೇಲೆ ಗದಗಿನ ಮನೆಯ ಕಟ್ಟೆ.

ಖೈತಾನಿನ ತಿರುವು ಹತ್ತಿರ ಬಂದಾಗ, ಬೆಳಿಗ್ಗೆಯಿಂದ ಮಾತಾಡದಿದ್ದ ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ನಿನ್ನ ಇಕಾಮಾ ಕ್ಲಿನಿಕ್ಕಿನವರದ ಐತೆಲ್ಲ?" ಎಂದ.

"ಹೂಂ."

"ಮತ್ತ ನಾ ಹೋದ್ರೂ ಅದು ಇರತೈತಿ," ಅಂದ. ಇಂಡಿಕೇಟರ್ ಹಾಕಿ ತಿರುಗಿಸಿದ.

ಅವ್ವ ತಟ್ಟನೆ ಅವನ ಕಡೆ ನೋಡಿದಳು. ಆ ವಾಕ್ಯದ ಪೂರ್ತಿ ಅರ್ಥ ನನ್ನೊಳಗೆ ಇಳಿಯಲು ಮನೆಯ ಮೆಟ್ಟಿಲು ಹತ್ತುವಷ್ಟು ಹೊತ್ತು ಬೇಕಾಯಿತು. ಅಪ್ಪನ ಬೆನ್ನ ಹಿಂದೆ ಹತ್ತುತ್ತಾ, ಅವನ ಅಂಗಿಯ ತುದಿ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿಯಲಿಲ್ಲ, ನಮ್ಮ ಮನೆಯಲ್ಲಿ ಅಂಥ ರೂಢಿ ಇರಲಿಲ್ಲ.

ಮರುದಿನ ಬೆಳಿಗ್ಗೆ ನಡುಮನೆಯಿಂದ ಪೇಪರ್ ಹರಿಯುವ ಸದ್ದು ಕೇಳಿ ಎದ್ದು ಬಂದೆ. ಅವ್ವ ನೆಲದ ಮೇಲೆ ಕೂತು, ಗಟ್ಟಿಯಾಗಿ ಟೇಪು ಸುತ್ತಿ ಮುಚ್ಚಿದ್ದ ಪೆಟ್ಟಿಗೆಯೊಂದನ್ನು ಹರಿದು ಬಿಚ್ಚುತ್ತಿದ್ದಳು. ಮುಖ ಗಂಟು ಹಾಕಿಕೊಂಡೇ ಇತ್ತು. ನಾನು ಬಂದದ್ದು ಗೊತ್ತಿದ್ದೂ ತಲೆ ಎತ್ತಲಿಲ್ಲ. ಒಳಗಿನಿಂದ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ತೆಗೆದು, ಸುತ್ತಿದ ಪೇಪರ್ ಬಿಚ್ಚಿ, ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು. ಅದರ ಮೇಲೆ ಒಂದು ಸಣ್ಣ ಪಾತ್ರೆ, ಒಂದು ಒಗ್ಗರಣೆ ಸೌಟು.

"ಇವನ್ನ ಯಾಕ ತೆಗ್ಯಾಕತ್ತಿಯವಾ?" ಎಂದೆ.

"ಒಬ್ಬಾಕಿನ ಇರಾಕಿ," ಅಂದಳು ಅವ್ವ, ಇನ್ನೂ ನನ್ನ ಮುಖ ನೋಡದೆ. "ಹಂಚಿಲ್ದ ಏನ್ ಮಣ್ಣು ತಿಂತಿ?"